ತವರು ಒಂದು ಕ್ಷೇತ್ರ, ಸೇರಿದ ಮನೆ ಇನ್ನೊಂದು

ಮಳವಳ್ಳಿ ಮಂಡ್ಯ ಜಿಲ್ಲೆಯ ತಾಲ್ಲೂಕು. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಬೇಕಾದರೆ ಮಂಡ್ಯ, ದೊಡ್ಡಾಸ್ಪತ್ರೆಗೆ ಮಂಡ್ಯ. ಆದರೆ 1977ರಿಂದ 2004ರವರೆಗಿನ ಪಾರ್ಲಿಮೆಂಟ್ ಚುನಾವಣೆಗಳಲ್ಲಿ ಮಳವಳ್ಳಿಯವರ ಓಟು ಬಿದ್ದದ್ದು ಮಂಡ್ಯಕ್ಕಲ್ಲ, ಕನಕಪುರಕ್ಕೆ. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ ಎಂಬುದು ನಮ್ಮ ರಾಜ್ಯದ ಲೆಕ್ಕ. ನಮ್ಮ ಜಿಲ್ಲೆಯಲ್ಲಿದ್ದದ್ದು ಒಂಬತ್ತು. ಒಂಬತ್ತು ಮಕ್ಕಳ ಮನೆಯಲ್ಲಿ ಒಂದನ್ನು ದತ್ತು ಕೊಟ್ಟ ಹಾಗೆ ಮಳವಳ್ಳಿಯನ್ನು ಆಚೆಮನೆಗೆ ಕೊಟ್ಟರು.

ನಾನು ಹುಟ್ಟಿದ್ದು ಮಳವಳ್ಳಿಯಲ್ಲಿ, ಸೇರಿದ್ದು ಮದ್ದೂರಿನ ಮನೆಯನ್ನು. ಮದುವೆಯಾಗಿ ಎರಡು ವರ್ಷಕ್ಕೆ, 1984ರ ಡಿಸೆಂಬರಿನಲ್ಲಿ, ಮೊದಲ ಸಲ ಓಟು ಹಾಕಿದೆ. ಆಗ ಮಂಡ್ಯದಿಂದ ಗೆದ್ದವರು ಜನತಾ ಪಕ್ಷದ ಕೆ.ವಿ. ಶಂಕರಗೌಡರು. ನಮ್ಮಪ್ಪನಿಗೆ ಸಿಕ್ಕವರು ಕಾಂಗ್ರೆಸ್ಸಿನ ಎಂ.ವಿ. ಚಂದ್ರಶೇಖರಮೂರ್ತಿ. "ಓಟಿನ ದಿವಸ ಮಾತ್ರ ನಾವು ಕನಕಪುರದೋರು ಕಣವ್ವ, ಮಾರನೆ ದಿವಸ ಮತ್ತೆ ಮಂಡ್ಯದೋರೇ" ಎಂದು ಅಪ್ಪ ನಗುತ್ತಿದ್ದರು. ಹೆಣ್ಣುಮಕ್ಕಳಿಗೆ ಇದೇನೂ ಹೊಸದಲ್ಲ ಬಿಡಿ. ತಾಳಿ ಕಟ್ಟಿದ ದಿನವೇ ನಮ್ಮ ಊರು, ಮನೆಹೆಸರು, ರೇಷನ್ ಕಾರ್ಡು ಎಲ್ಲ ಗಡಿ ದಾಟುತ್ತವೆ. ಒಂದು ಕ್ಷೇತ್ರಕ್ಕೆ ಕ್ಷೇತ್ರವೇ ಹಾಗೆ ದಾಟಿದ್ದು ಮಾತ್ರ ವಿಚಿತ್ರ.

ಕನಕಪುರದ ಹಾದಿ ಅಷ್ಟೇನೂ ದೂರದ್ದಲ್ಲ ಎನ್ನಿ, ಹಲಗೂರು, ಸಾತನೂರು ಹಾದು ಹೋದರೆ ಅದೇ ಸಿಕ್ಕುತ್ತದೆ. ಆದರೆ ಆ ಕ್ಷೇತ್ರ ಬೆಂಗಳೂರಿನ ಮಗ್ಗುಲಿನ ಉತ್ತರಹಳ್ಳಿ, ಆನೇಕಲ್ಲಿನವರೆಗೆ ಚಾಚಿಕೊಂಡಿತ್ತು. ಮಳವಳ್ಳಿಯ ಗೋಳು ನೀರಿನದು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿರುವವರು ಮದ್ದೂರು, ಮಳವಳ್ಳಿಯವರೇ. ನಾಲೆಯಲ್ಲಿ ನೀರು ಬಿಟ್ಟರೂ ಗದ್ದೆಗೆ ಬಂದೀತೆಂಬ ನಂಬಿಕೆಯಿಲ್ಲ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಬಂದು ಜಿಲ್ಲೆಯೆಲ್ಲ ಕುದಿಯುವಾಗ ಮಂಡ್ಯದ ಎಂಪಿ ಜಿ. ಮಾದೇಗೌಡರು. ಅದೇ ನಾಲೆಯ ನೀರು ಕಾಯುವ ಮಳವಳ್ಳಿಯ ರೈತನಿಗೆ ಅವರು ಪಕ್ಕದ ಮನೆಯ ಯಜಮಾನರಂತೆ, ಗೌರವವುಂಟು, ಹಕ್ಕಿಲ್ಲ.

ಆದರೂ ಈ ದತ್ತಿನಿಂದ ಮಳವಳ್ಳಿಗೆ ಒಂದು ಸಿಕ್ಕಿತು. 2002ರ ಉಪಚುನಾವಣೆಯಲ್ಲಿ ಕನಕಪುರದಿಂದ ಗೆದ್ದವರು ಮಾಜಿ ಪ್ರಧಾನಿ ದೇವೇಗೌಡರು. ಎರಡೇ ವರ್ಷಕ್ಕೆ, 2004ರಲ್ಲಿ, ಅವರನ್ನು ಅಲ್ಲಿ ಸೋಲಿಸಿದವರು ತೇಜಸ್ವಿನಿ ಶ್ರೀರಮೇಶ್, ಟಿವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಪತ್ರಕರ್ತೆ. ಮಂಡ್ಯ ಕ್ಷೇತ್ರಕ್ಕೆ ಹೆಣ್ಣುಮಗಳೊಬ್ಬಳು ಎಂಪಿಯಾಗಲು 2013ರ ಉಪಚುನಾವಣೆ, ರಮ್ಯಾ ಅವರ ಗೆಲುವು ಬರಬೇಕಾಯಿತು. ನಮ್ಮಮ್ಮ ನನಗಿಂತ ಒಂಬತ್ತು ವರ್ಷ ಮುಂಚೆಯೇ ಮಹಿಳಾ ಎಂಪಿಯ ಕ್ಷೇತ್ರದವಳು. ಈ ಮಾತನ್ನು ಅವಳು ಮದ್ದೂರಿಗೆ ಬಂದಾಗಲೆಲ್ಲ ಬೀಗರ ಮುಂದೆ ಹೇಳದೆ ಬಿಡುತ್ತಿರಲಿಲ್ಲ.

ಮತ್ತೆ ಗೆರೆ ಅಳಿಸಿ ಬರೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗ. 2002ರ ಕಾಯ್ದೆಯಂತೆ ರಚನೆಯಾದ ಆಯೋಗ ಹಿಡಿದದ್ದು 2001ರ ಜನಗಣತಿ. ರಾಜ್ಯದ ಜನ 5 ಕೋಟಿ 28 ಲಕ್ಷ, ಶಾಸಕರು 224. ಭಾಗಿಸಿದರೆ ತಲೆಗೆ 2 ಲಕ್ಷ 36 ಸಾವಿರ. ಮಂಡ್ಯ ಜಿಲ್ಲೆಯ ಜನ 17 ಲಕ್ಷ 63 ಸಾವಿರ. ಅಂದರೆ ಏಳೂವರೆ. ಅರ್ಧ ಶಾಸಕ ಎಲ್ಲಿಯೂ ಇಲ್ಲವಲ್ಲ, ಹಾಗಾಗಿ ಏಳು. 2008ರಲ್ಲಿ ಕಿರುಗಾವಲು, ಕೆರಗೋಡು ಕ್ಷೇತ್ರಗಳು ಇಲ್ಲವಾದವು, ಪಾಂಡವಪುರದ ಕ್ಷೇತ್ರ ಮೇಲುಕೋಟೆ ಎನ್ನಿಸಿಕೊಂಡಿತು. ಮಳವಳ್ಳಿ ತವರಿಗೆ ಮರಳಿತು. ಎಂಟಕ್ಕೆ ಒಂದು ಕಡಿಮೆ ಬಿದ್ದದ್ದರಿಂದ ಮೈಸೂರು ಜಿಲ್ಲೆಯ ಕೃಷ್ಣರಾಜನಗರವನ್ನು ತಂದು ಮಂಡ್ಯಕ್ಕೆ ಸೇರಿಸಿದರು. ಕಚೇರಿ ಒಂದು ಕಡೆ, ಎಂಪಿ ಇನ್ನೊಂದು ಕಡೆ ಎಂಬ ನಮ್ಮ ಹಳೆಯ ಪಾಡು ಈಗ ಆ ಕಡೆಯವರದು.

ಮಂಡ್ಯ ಎರಡು ಸ್ಥಾನ ಕಳೆದುಕೊಂಡ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನ ಬಂದವು. ಹೋದವರು ಯಾರು ಎಂದು ನಾವು ಬೇರೆ ಕೇಳಬೇಕಾಗಿಲ್ಲ. ಓದಿದ ಮಕ್ಕಳು, ಗಾರ್ಮೆಂಟ್ಸಿಗೆ ಸೇರಿದ ಹುಡುಗಿಯರು, ಆಟೋ ಓಡಿಸುವ ತಮ್ಮಂದಿರು, ಎಲ್ಲ ಅಲ್ಲಿಯೇ ಎಣಿಸಿಕೊಂಡರು. 2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ ಏರಿದ್ದು ನೂರಕ್ಕೆ ಎರಡೂವರೆಗಿಂತ ಕಡಿಮೆ.

ಹಾಗಾಗಿ ದಕ್ಷಿಣದ ರಾಜ್ಯಗಳ ಇತ್ತೀಚಿನ ಆತಂಕ ನನಗೆ ಹಳೆಯ ಪರಿಚಯದಂತೆ ಕಾಣುತ್ತದೆ. ಹೆರಿಗೆ ಹತೋಟಿಗೆ ತಂದ ರಾಜ್ಯಗಳಿಗೆ ದೆಹಲಿಯಲ್ಲಿ ಸ್ಥಾನ ಕಡಿಮೆಯಾಗಬಾರದೆಂದು 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ 1971ರ ಜನಗಣತಿಯ ಲೆಕ್ಕಕ್ಕೇ ಬೀಗ ಹಾಕಿತು. 2001ರ 84ನೇ ತಿದ್ದುಪಡಿ ಆ ಬೀಗವನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ರಾಜ್ಯ ರಾಜ್ಯಗಳ ನಡುವೆ ಈ ಕಾವಲು ಇತ್ತು. ಒಂದೇ ರಾಜ್ಯದ ಜಿಲ್ಲೆ ಜಿಲ್ಲೆಗಳ ನಡುವೆ ಇರಲಿಲ್ಲ. ಕರ್ನಾಟಕದ ಪಾಲು 28ಕ್ಕೆ ನಿಂತೇ ಇತ್ತು, ಮಂಡ್ಯದ ಪಾಲು ಒಂಬತ್ತರಿಂದ ಏಳಕ್ಕಿಳಿಯಿತು. ಚೆನ್ನೈಯಲ್ಲಿ 2025ರ ಮಾರ್ಚಿನಲ್ಲಿ ನಾಯಕರು ಸೇರಿ ಯಾವುದಕ್ಕೆ ಹೆದರಿದರೋ ಅದು ನಮಗೆ 2008ರಲ್ಲೇ ಆಗಿಹೋಗಿತ್ತು. ಭಾಷಣಗಳಲ್ಲಿ ನನಗೆ ಕೇಳಿಸದ ಮಾತೊಂದಿದೆ. ಜನಸಂಖ್ಯೆ ಹತೋಟಿಗೆ ತಂದದ್ದು ರಾಜ್ಯ ಎನ್ನುತ್ತಾರೆ. ಆಸ್ಪತ್ರೆಯ ಕ್ಯಾಂಪಿನಲ್ಲಿ ಸಾಲಾಗಿ ಮಲಗಿ ಆಪರೇಷನ್ ಮಾಡಿಸಿಕೊಂಡು, ವಾರಕ್ಕೆಲ್ಲ ಕೊಡ ಹೊತ್ತವರು ನಮ್ಮ ಓರಗೆಯ ಹೆಂಗಸರು.

ಗೆರೆ ಎಳೆಯುವಾಗ ಯಾರನ್ನು ಕೇಳಿದರು? ರಾಜ್ಯಕ್ಕೆ ಐವರು ಎಂಪಿ, ಐವರು ಶಾಸಕರು ಸಹಸದಸ್ಯರು. ಅವರಿಗೂ ಓಟಿನ ಹಕ್ಕಿಲ್ಲ. ಪುರಸಭೆ, ಪಂಚಾಯಿತಿಗಳಿಗೆ ಅಲ್ಲಿ ಜಾಗವೇ ಇಲ್ಲ, ಬೇಕಾದರೆ ನಿರ್ಣಯ ಮಾಡಿ ಮನವಿ ಕಳಿಸಬಹುದು. 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಯಿಂದ ನಮ್ಮ ಹೆಂಗಸರು ಮೀಸಲಾತಿಯ ಬಲದಿಂದ ಕುಳಿತು ಮಾತು ಕಲಿತದ್ದು ಇಂಥ ಸಭೆಗಳಲ್ಲೇ. ಆಯೋಗದ ಅಂತಿಮ ಆದೇಶವನ್ನು ಲೋಕಸಭೆ ತಿದ್ದುವಂತಿರಲಿಲ್ಲ, ಕೋರ್ಟಿನಲ್ಲಿ ಪ್ರಶ್ನಿಸುವಂತೆಯೂ ಇರಲಿಲ್ಲ. 2023ರ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಎಂದಿತು, ಅದನ್ನೂ ಮುಂದಿನ ಜನಗಣತಿ ಮತ್ತು ಪುನರ್ವಿಂಗಡಣೆಗೇ ಕಟ್ಟಿಹಾಕಿತು. ಬಾಗಿನ ಕೊಟ್ಟು ಮುಚ್ಚಳ ತೆಗೆಯಬೇಡ ಎಂದ ಹಾಗೆ.

ನನ್ನ ನಾದಿನಿಯನ್ನು ಕೊಟ್ಟಿರುವುದು ಕೊಪ್ಪ ಹೋಬಳಿಗೆ. ಮದ್ದೂರು ತಾಲ್ಲೂಕಿನ ಆ ಹೋಬಳಿಯನ್ನು 2008ರಲ್ಲಿ ನಾಗಮಂಗಲ ವಿಧಾನಸಭಾ ಕ್ಷೇತ್ರಕ್ಕೆ ಸೇರಿಸಿದರು. ತಹಸೀಲ್ದಾರರು ಮದ್ದೂರಿನಲ್ಲಿ, ಶಾಸಕರು ನಾಗಮಂಗಲದಲ್ಲಿ. ವಿಧವಾ ಪಿಂಚಣಿ ನಿಂತುಹೋದ ನೆರೆಮನೆಯವಳಿಗಾಗಿ ಎರಡೂ ಊರು ತಿರುಗಿ ಬಂದವಳು ಅವಳು. 2002ರ ಕಾಯ್ದೆಯಲ್ಲಿ ಕರಡನ್ನು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಬಹಿರಂಗ ಸಭೆ ನಡೆಸಬೇಕೆಂದಿತ್ತು ಎಂದು ಅವಳಿಗೆ ಹೇಳಿದೆ. "ಹಂಗಾದ್ರೆ ಈ ಸಲ ಪೇಪರ್ ಬಂದ ದಿವಸ ನಂಗೆ ಫೋನ್ ಮಾಡಿ ಅತ್ತಿಗೆ" ಎಂದಳು. ಕೊಪ್ಪದಿಂದ ಮದ್ದೂರಿಗೆ ದಿನಕ್ಕೆ ಎಷ್ಟು ಬಸ್ಸು, ನಾಗಮಂಗಲಕ್ಕೆ ಎಷ್ಟು ಎಂದು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ.