ಸೂಲಗಿತ್ತಿ ನರಸಮ್ಮ: ಒಂದು ಸ್ಮರಣೆ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಹಿರಿಯರಲ್ಲಿ ಅನೇಕರು ಜನಿಸಿದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ಸೂಲಗಿತ್ತಿಯೊಬ್ಬಳ ಕೈಯಲ್ಲಿ. ಅಂಥವರ ಹೆಸರನ್ನು ಚರಿತ್ರೆ ಬರೆದಿಡುವುದು ಅಪರೂಪ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು (1920–2018) ಇದಕ್ಕೆ ಅಪವಾದ.

ಅಕ್ಷರವರಿಯದ ಈ ಮಹಾತಾಯಿ ತಮ್ಮ ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಇಪ್ಪತ್ತರ ಪ್ರಾಯದಲ್ಲಿ ಮೊದಲ ಹೆರಿಗೆ ಮಾಡಿಸಿದರು. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆಗಳ ಗುಣವನ್ನು ಅರಿತರು. ಗರ್ಭದಲ್ಲಿ ಶಿಶುವಿನ ತಲೆ ಎತ್ತಲಿದೆಯೆಂಬುದನ್ನು ಅವರ ಬೆರಳುಗಳೇ ಹೇಳುತ್ತಿದ್ದವು. ಹನ್ನೆರಡು ಮಕ್ಕಳನ್ನು ಹೆತ್ತು, ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡ ಆ ತಾಯಿಗೆ ಹೆರಿಗೆಯ ನೋವು ಕೇಳಿ ತಿಳಿದದ್ದಲ್ಲ. ಏಳು ದಶಕಗಳಲ್ಲಿ 15,000ಕ್ಕೂ ಮಿಗಿಲಾದ ಹೆರಿಗೆಗಳು. ಪ್ರತಿಫಲವನ್ನು ಮಾತ್ರ ಬಯಸಲಿಲ್ಲ.

ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ 2014ರಲ್ಲಿ, ಪದ್ಮಶ್ರೀ 2018ರಲ್ಲಿ ಬಂದವು. ತೀರ ತಡವಾಯಿತೆಂದೇ ನನ್ನ ಎಣಿಕೆ. ಅದೇ ವರ್ಷದ ಡಿಸೆಂಬರ್ 25ರಂದು, ಮೊಮ್ಮಕ್ಕಳ ದೊಡ್ಡ ಬಳಗವನ್ನು ಅಗಲಿ, ಅಜ್ಜಿ ಬೆಂಗಳೂರಿನಲ್ಲಿ ಕಣ್ಮುಚ್ಚಿದರು.