ಝೆಕ್ ಜನ ಕಟ್ಟಿದ ನಾಟಕಶಾಲೆ

ಪ್ರಾಗ್ ನಗರಕ್ಕೆ ಹೋದ ಪ್ರವಾಸಿಗೆ ಹಗಲು ಸಾಲದು. ವ್ಲತಾವ ನದಿಯ ಒಂದು ದಡದ ಗುಡ್ಡದ ಮೇಲೆ ಅರಸರ ಕೋಟೆ, ಇನ್ನೊಂದು ದಡದಲ್ಲಿ ಹಳೆಯ ಪೇಟೆ, ನಡುವೆ ನಾಲ್ಕನೆಯ ಚಾರ್ಲ್ಸ್ ದೊರೆ 1357ರಲ್ಲಿ ಆರಂಭಿಸಿದ ಕಲ್ಲಿನ ಸೇತುವೆ. ಪೇಟೆಯ ಪುರಭವನದಲ್ಲಿ ಸೂರ್ಯಚಂದ್ರರ ಸ್ಥಾನವನ್ನೂ ತೋರಿಸುವ, 1410ರ ಗಡಿಯಾರ. ಗಂಟೆಯಾದೊಡನೆ ಅದರ ಕಿಟಕಿಗಳಲ್ಲಿ ಏಸುವಿನ ಶಿಷ್ಯರ ಬೊಂಬೆಗಳು ಒಂದೊಂದಾಗಿ ಬಂದುಹೋಗುತ್ತವೆ. ನೆರೆದವರೆಲ್ಲ ಕತ್ತೆತ್ತಿ ನೋಡುತ್ತಾರೆ. ಆದರೆ ಅಲ್ಲಿ ಒಮ್ಮೆ ತಲೆ ತಗ್ಗಿಸಿಯೂ ನೋಡಬೇಕು. ನೆಲದ ಕಲ್ಲುಹಾಸಿನಲ್ಲಿ 27 ಬಿಳಿಯ ಶಿಲುಬೆಗಳಿವೆ.

1620ರ ನವೆಂಬರಿನಲ್ಲಿ, ಊರ ಹೊರಗಿನ ಬಿಳಿಗುಡ್ಡದ ಕದನದಲ್ಲಿ, ಹ್ಯಾಪ್ಸ್‌ಬರ್ಗ್ ಚಕ್ರವರ್ತಿಗೆ ಎದುರುಬಿದ್ದವರು ಸೋತರು. ಮರುವರ್ಷ ಜೂನ್ 21ರಂದು ಅವರ 27 ಮುಂದಾಳುಗಳಿಗೆ ಇದೇ ಚೌಕದಲ್ಲಿ ಮರಣದಂಡನೆಯಾಯಿತು. ಅನೇಕ ಮನೆತನಗಳು ದೇಶಬಿಟ್ಟವು. 1627ರ ಹೊಸ ಶಾಸನ ಝೆಕ್ ಭಾಷೆಯ ಪಕ್ಕದಲ್ಲಿ ಜರ್ಮನ್ ಭಾಷೆಯನ್ನೂ ಸಮಸಮವಾಗಿ ಕೂಡಿಸಿತು. ಕಾಲಕ್ರಮದಲ್ಲಿ ಸಮವೆನ್ನುವುದು ಹೆಸರಿಗಷ್ಟೇ ಉಳಿಯಿತು. ಕಚೇರಿ, ವಿದ್ಯೆ, ದೊಡ್ಡವರ ಮನೆ ಎಲ್ಲವೂ ಜರ್ಮನ್ನಿನ ಪಾಲಾಗಿ, ಝೆಕ್ ಭಾಷೆ ಹಳ್ಳಿಗರ ಹಾಗೂ ಅಡಿಗೆಮನೆಯ ಮಾತಾಯಿತು.

ಪ್ರಾಗ್‌ನ ರಾತ್ರಿಗಳ ಚರಿತ್ರೆಯಲ್ಲೂ ಇದೇ ಕಥೆ. ಕತ್ತಲಾದ ಮೇಲೆ ಪ್ರವಾಸಿಗರು 1499ರಷ್ಟು ಹಳೆಯದಾದ ‘ಊ ಫ್ಲೆಕೂ’ ಎಂಬ ಪಾನಗೃಹದಲ್ಲಿ ಕಪ್ಪು ಬಿಯರಿನ ಮುಂದೆ ಕೂರುತ್ತಾರೆ. ಇಲ್ಲವೆ ನಾಟಕಶಾಲೆಗಳತ್ತ ನಡೆಯುತ್ತಾರೆ. 1783ರಲ್ಲಿ ತೆರೆದ ‘ಎಸ್ಟೇಟ್ಸ್’ ನಾಟಕಶಾಲೆಯಲ್ಲಿ 1787ರ ಅಕ್ಟೋಬರ್ 29ರಂದು ಮೊಜಾರ್ಟ್ ತನ್ನ ‘ಡಾನ್ ಜೊವಾನಿ’ ಗೀತನಾಟಕವನ್ನು ಮೊದಲಬಾರಿಗೆ ಆಡಿಸಿದ. ಅದು ಇಟಾಲಿಯನ್ ಭಾಷೆಯದು. ಉಳಿದ ಸಂಜೆಗಳಲ್ಲಿ ಹೆಚ್ಚಿನವು ಜರ್ಮನ್ ನಾಟಕಗಳಿಗೆ ಮೀಸಲು. ಊರಿನ ನುಡಿಯಾದ ಝೆಕ್‌ಗೆ ಸಿಕ್ಕಿದ್ದು ಭಾನುವಾರದ ಮತ್ತು ಹಬ್ಬದ ದಿನಗಳ ಮಧ್ಯಾಹ್ನ ಮಾತ್ರ!

1834ರ ಡಿಸೆಂಬರ್ 21 ಅಂಥದೊಂದು ಭಾನುವಾರ. ಅಂದು ಟಿಲ್ ಎಂಬ ತರುಣ ಬರೆದ ನಾಟಕದಲ್ಲಿ ಕುರುಡ ಪಿಟೀಲುಗಾರನೊಬ್ಬ ‘ನನ್ನ ಮನೆ ಎಲ್ಲಿ’ ಎಂಬ ಹಾಡು ಹಾಡಿದ. ನಾಟಕ ಬೇಗ ಮರೆತುಹೋಯಿತು; ಹಾಡು ಉಳಿದು ಮುಂದೆ ರಾಷ್ಟ್ರಗೀತೆಯಾಯಿತು. ಅದಕ್ಕೆ ಸ್ವರ ಹಾಕಿದ ಶ್ಕ್ರೌಪ್ ಮಾತ್ರ ಹೊಟ್ಟೆಪಾಡಿಗಾಗಿ ಹಾಲೆಂಡಿಗೆ ಹೋಗಿ, 1862ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತೀರಿಕೊಂಡ.

ತಮ್ಮ ನುಡಿಗೆ ತಮ್ಮದೇ ನಾಟಕಶಾಲೆ ಬೇಕೆಂದು ಝೆಕ್ ಜನ 1850ರ ಸುಮಾರಿಗೆ ಚಂದಾ ಎತ್ತತೊಡಗಿದರು. 1868ರ ಮೇ 16ರಂದು ನದಿಯ ದಂಡೆಯಲ್ಲಿ ಅಸ್ತಿಭಾರ ಬಿದ್ದಿತು. ಅದಕ್ಕೆಂದು ನಾಡಿನ ನಾನಾ ಪುಣ್ಯಸ್ಥಳಗಳಿಂದ ಕಲ್ಲುಗಳು ಬಂದವು. 1881ರ ಜೂನ್ 11ರಂದು ಸ್ಮೆತಾನನ ‘ಲಿಬುಶೆ’ ಗೀತನಾಟಕದೊಂದಿಗೆ ಬಾಗಿಲು ತೆರೆಯಿತು. ಈ ಸ್ಮೆತಾನ ಓದಿದ್ದು ಜರ್ಮನ್ನಿನಲ್ಲಿ. ಝೆಕ್ ಭಾಷೆಯನ್ನು ಸರಿಯಾಗಿ ಬರೆಯಲು ಆತ ಕಲಿತದ್ದು ದೊಡ್ಡವನಾದ ಮೇಲೆ. 1874ರಿಂದ ಅವನಿಗೆ ಕಿವಿಯೂ ಕೇಳುತ್ತಿರಲಿಲ್ಲ.

ತೆರೆದು ಎರಡೇ ತಿಂಗಳು, ಆಗಸ್ಟ್ 12ರಂದು, ಚಾವಣಿಯ ಕೆಲಸದ ವೇಳೆ ಬೆಂಕಿ ಹತ್ತಿ ರಂಗಸ್ಥಳ, ಸಭಾಂಗಣ, ತಾಮ್ರದ ಗುಮ್ಮಟ ಎಲ್ಲ ಸುಟ್ಟುಹೋದವು. ಮೂರು ದಶಕದ ಚಂದಾಹಣ ಒಂದು ಸಂಜೆಯಲ್ಲಿ ಬೂದಿಯಾಯಿತು. ಆದರೆ ಜನ ಮತ್ತೆ ಕೈನೀಡಿದರು. 47 ದಿನಗಳಲ್ಲಿ ಹತ್ತು ಲಕ್ಷ ಗುಲ್ಡನ್ ಕೂಡಿತು! 1883ರ ನವೆಂಬರ್ 18ರಂದು ಅದೇ ‘ಲಿಬುಶೆ’ಯೊಂದಿಗೆ ಮತ್ತೆ ತೆರೆ ಎದ್ದಿತು. ರಂಗದ ಮೇಲ್ಭಾಗದಲ್ಲಿ ಇಂದಿಗೂ ಎರಡೇ ಪದಗಳ ಬರೆಹವಿದೆ. ಜನಾಂಗವು ತನಗೆ ತಾನೇ ಕೊಟ್ಟುಕೊಂಡದ್ದು ಎಂದು ಅದರ ಭಾವ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 1918ರಲ್ಲಿ ಸ್ವತಂತ್ರ ರಾಷ್ಟ್ರ ಹುಟ್ಟಿತು. ಎರಡೇ ವರ್ಷಗಳಲ್ಲಿ, 1920ರ ನವೆಂಬರಿನಲ್ಲಿ, ಝೆಕ್ ಗುಂಪೊಂದು ಎಸ್ಟೇಟ್ಸ್ ನಾಟಕಶಾಲೆಗೆ ನುಗ್ಗಿ ಅದನ್ನು ಜರ್ಮನರ ಕೈಯಿಂದ ಕಸಿದುಕೊಂಡಿತು. ಭಾನುವಾರದ ಮಧ್ಯಾಹ್ನಕ್ಕಾಗಿ ಕಾದವರ ಮಕ್ಕಳು ಇನ್ನೊಬ್ಬರಿಗೆ ಆ ಮಧ್ಯಾಹ್ನವನ್ನೂ ಉಳಿಸಲಿಲ್ಲ. ಬಳಿಕ ನಾಜಿಗಳ ಆಕ್ರಮಣ, ಅದಾದ ಮೇಲೆ 1945ರಿಂದ ಜರ್ಮನ್ ಮಾತಿನವರ ಉಚ್ಚಾಟನೆ. ಕಾಫ್ಕಾನಂಥ ಲೇಖಕನನ್ನು ಕೊಟ್ಟ ಪ್ರಾಗ್‌ನ ಜರ್ಮನ್ ಸಾಹಿತ್ಯದ ಬಳ್ಳಿ ಹೀಗೆ ಕಡಿದುಬಿತ್ತು.

ನಾಟಕಶಾಲೆಗಳು ಮತ್ತೊಮ್ಮೆ ಊರಿನ ಮಾನ ಕಾಯ್ದದ್ದು 1989ರಲ್ಲಿ. ನವೆಂಬರ್ 17ರ ರಾತ್ರಿ ಪೋಲೀಸರು ವಿದ್ಯಾರ್ಥಿಗಳನ್ನು ಥಳಿಸಿದರು. ಮಾರನೆಯ ದಿನವೇ ನಟರು ಮುಷ್ಕರ ಹೂಡಿದರು. ತೆರೆ ಎದ್ದಾಗ ನಾಟಕದ ಬದಲು ಜನರೊಡನೆ ಚರ್ಚೆ ನಡೆಯಿತು. ಡಿಸೆಂಬರ್ 29ರಂದು ನಾಟಕಕಾರ ಹಾವೆಲ್ ರಾಷ್ಟ್ರಾಧ್ಯಕ್ಷನಾದ.

ಬಾಡಿಗೆಯ ಸಭಾಗೃಹದಲ್ಲಿ ಭಾನುವಾರದ ವೇಳೆ ಗಿಟ್ಟಿಸಿ ನಾಟಕವಾಡಿದವರಿಗೆ, ರಸೀದಿ ಪುಸ್ತಕ ಹಿಡಿದು ಮನೆಮನೆಯ ಮೆಟ್ಟಿಲು ಹತ್ತಿದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಝೆಕ್ ಜನರಾದರೋ ತಮ್ಮ ನೆಲದಲ್ಲಿದ್ದರು. ನಾವಿರುವುದು ಇನ್ನೊಂದು ನುಡಿಯ ಊರಿನಲ್ಲಿ. ಆದ್ದರಿಂದ ಪ್ರಾಗ್‌ಗೆ ಹೋದಾಗ ಎರಡೂ ನಾಟಕಶಾಲೆಗಳನ್ನು ನೋಡಿ ಬರೋಣ. ಅವರು ಕಟ್ಟಿದ್ದನ್ನೂ ನೋಡೋಣ, ಕಸಿದುಕೊಂಡದ್ದನ್ನೂ ನೋಡೋಣ.