ಲೆಕ್ಕದ ಹಾಳೆಯ ಹೊಸ ಆವೃತ್ತಿ: ಸಿಂದಗಿ ಸೀಮೆಯ ಒಂದು ಶಾಸನಪಟ್ಟಿಯ ಪ್ರಸಂಗ

ಸಿಂದಗಿ ತಾಲೂಕಿನ ಶಾಸನಗಳ ಪಟ್ಟಿಯೊಂದು ಗಣಕಯಂತ್ರದ ಲೆಕ್ಕದ ಹಾಳೆಯ ರೂಪದಲ್ಲಿ ಈ ಲೇಖಕನ ವಶದಲ್ಲಿದೆ. ಊರು, ಕಲ್ಲು ನಿಂತಿರುವ ಹೊಲದ ಸರ್ವೆ ನಂಬರು, ಅರಸು, ತೇದಿ, ಪಾಠದ ಮೊದಲ ಪಂಕ್ತಿ ಇವು ಅದರ ಅಂಕಣಗಳು. ಪಟ್ಟಿಯನ್ನು ಸಿದ್ಧಪಡಿಸಿದ್ದು ಎಕ್ಸೆಲ್ ತಂತ್ರಾಂಶದ 2003ರ ಆವೃತ್ತಿಯಲ್ಲಿ. ಅದಕ್ಕೆ ತಯಾರಕರ ಬೆಂಬಲವು 2014ರ ಏಪ್ರಿಲ್ 8ರಂದು ನಿಂತುಹೋಯಿತು. ಪಟ್ಟಿಯನ್ನು ಹೊತ್ತ ಯಂತ್ರವೂ ಮುಪ್ಪಾಗಿದೆ. ಹೊಸ ಆವೃತ್ತಿಯನ್ನು ಸ್ವೀಕರಿಸಬೇಕೆ, ಇದ್ದುದರಲ್ಲಿಯೇ ಮುಂದುವರಿಯಬೇಕೆ ಎಂಬ ಪ್ರಶ್ನೆ ಹೀಗೆ ಎದುರಾಯಿತು. ಇದು ಕಚೇರಿಯ ಗುಮಾಸ್ತರಿಗೆ ಬಿಡತಕ್ಕ ಸಣ್ಣ ಸಂಗತಿಯೆಂದು ಮೊದಲಿಗೆ ತೋರಿತು. ಆದರೆ ದಾಖಲೆಯ ರೂಪ ಬದಲಾದಾಗ ಉಳಿಯುವುದೇನು, ಕಳೆಯುವುದೇನು ಎಂಬುದು ಇತಿಹಾಸಕಾರನ ಪ್ರಶ್ನೆಯೇ ಆಗಿದೆ. ಮತ್ತು ಈ ನಾಡಿಗೆ ಅದು ಹೊಸದಲ್ಲ.

1824ರಲ್ಲಿ, ಕಿತ್ತೂರು ಸಿಡಿದೆದ್ದ ವರ್ಷದಲ್ಲಿಯೇ, ದಿವಾಕರ ದೀಕ್ಷಿತನೆಂಬವನು ತನ್ನ ಅನುಯಾಯಿಗಳೊಡನೆ ಸಿಂದಗಿಯನ್ನು ವಶಪಡಿಸಿಕೊಂಡು ಅಲ್ಲಿ ಠಾಣೆಯನ್ನಿಟ್ಟನು. ಕಂದಾಯ ವಸೂಲಿಗೂ ಏರ್ಪಾಡು ಮಾಡಿದನು. ದಂಗೆಯು ಬಹುಕಾಲ ನಿಲ್ಲಲಿಲ್ಲ. ಆದರೆ ಆಳುವವನಿಗೆ ಕೋಟೆಯಷ್ಟೇ ಲೆಕ್ಕವೂ ಬೇಕೆಂಬುದನ್ನು ಅವನು ಬಲ್ಲವನಾಗಿದ್ದನು. ಅಂದಿನ ಲೆಕ್ಕ ಊರ ಕುಲಕರ್ಣಿಯ ದಫ್ತರದಲ್ಲಿತ್ತು.

ಆ ಲೆಕ್ಕವನ್ನು ಸುಧಾರಿಸಲು ಮುಂಬಯಿ ಸರಕಾರವು ಕೈಗೊಂಡ ಮೊದಲ ದೊಡ್ಡ ಪ್ರಯತ್ನ ಪುಣೆಯ ಕಡೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿಯು ನಡೆಯಿಸಿದ ಮೋಜಣಿ. ಹೊಲಹೊಲದ ನಿವ್ವಳ ಉತ್ಪನ್ನವನ್ನು ಗುಣಿಸಿ, ಅದರಲ್ಲಿ ನೂರಕ್ಕೆ 55 ಪಾಲನ್ನು ಸರಕಾರಕ್ಕೆ ಗೊತ್ತುಪಡಿಸುವ ಆ ಪದ್ಧತಿ ಕಾಗದದ ಮೇಲೆ ಅತ್ಯಂತ ಸೂಕ್ಷ್ಮವಾಗಿತ್ತು; ನೆಲದ ಮೇಲೆ ನಿಲ್ಲಲಿಲ್ಲ. ಅಳತೆ ತಪ್ಪಿತು, ದರ ಏರಿತು, ಹೊಲಗಳು ಬೀಳುಬಿದ್ದವು. ಬಳಿಕ 1836ರಲ್ಲಿ ಇಂದಾಪುರದಿಂದ ಆರಂಭಿಸಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ತಂದ ವ್ಯವಸ್ಥೆಯು ಅದಕ್ಕಿಂತ ಸರಳವಾದುದು. ಮಣ್ಣಿಗೆ ಕೆಲವೇ ವರ್ಗಗಳು, ಹೊಲಕ್ಕೊಂದು ನಂಬರು, 30 ವರ್ಷ ಬದಲಾಗದ ದರ. 1847ರ ಸಂಯುಕ್ತ ವರದಿಯಲ್ಲಿ ನೆಲೆಗೊಂಡ ಆ ಪದ್ಧತಿಯೇ ಮುಂಬಯಿ ಕರ್ನಾಟಕದಲ್ಲಿಯೂ ಹರಡಿತು. ಇಂದು ಸಿಂದಗಿಯ ರೈತನು ಉತಾರದಲ್ಲಿ ಕಾಣುವ ಸರ್ವೆ ನಂಬರು ಆ ಪರಂಪರೆಯದೇ. ಹೆಚ್ಚು ಸೂಕ್ಷ್ಮವಾದುದೇ ಹೆಚ್ಚು ಸುಧಾರಿತವೆಂಬ ನಂಬಿಕೆಗೆ ಪ್ರಿಂಗಲ್ಲನ ಕಾಗದಗಳು ಒಳ್ಳೆಯ ಮದ್ದು.

ಎರಡನೆಯ ಬದಲಾವಣೆ ಲಿಪಿಯದು. ಮರಾಠರ ಆಳಿಕೆಯ ಕಾಲದಿಂದ ಈ ಭಾಗದ ಕಂದಾಯ ಲೆಕ್ಕಗಳಲ್ಲಿ ಮೋಡಿ ಲಿಪಿ ರೂಢಿಯಲ್ಲಿತ್ತು. 1950ರ ಶಾಸನದಿಂದ ಕುಲಕರ್ಣಿ ವತನಗಳು ರದ್ದಾದವು. ಮೋಡಿಯೂ ಶತಮಾನದ ನಡುವಿಗೆ ಬಳಕೆ ತಪ್ಪಿತು. ಕಾಗದಗಳು ಸುಡಲಿಲ್ಲ, ಗೆದ್ದಲು ತಿಂದುದೂ ಎಲ್ಲವನ್ನಲ್ಲ. ಅವನ್ನು ಓದುವವರೇ ಇಲ್ಲವಾದರು. ರುಮಾಲಿನಲ್ಲಿ ಕಟ್ಟಿಟ್ಟ ಅಂತಹ ಕಟ್ಟುಗಳನ್ನು ಬಿಚ್ಚಿ ನೋಡಿ, ಒಂದು ಹೆಸರೂ ತಿಳಿಯದೆ ಮತ್ತೆ ಕಟ್ಟಿಟ್ಟ ಅನುಭವ ನಮ್ಮ ಅನೇಕ ವಿದ್ಯಾರ್ಥಿಗಳಿಗಿದೆ. ಮುಂದೆ 2002ರ ಹೊತ್ತಿಗೆ ‘ಭೂಮಿ’ ಯೋಜನೆಯು ರಾಜ್ಯದ 177 ತಾಲೂಕುಗಳ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಾಗ ಕೈಬರಹದ ಉತಾರಕ್ಕೂ ಮಾನ್ಯತೆ ಹೋಯಿತು.

ಇನ್ನು ನಮ್ಮ ಪಟ್ಟಿಗೆ ಬರೋಣ. ಲೆಕ್ಕದ ಹಾಳೆಯನ್ನು ಗಣಕಯಂತ್ರಕ್ಕೆ ತಂದವರಲ್ಲಿ ಮೊದಲಿಗರು 1979ರಲ್ಲಿ ವಿಸಿಕ್ಯಾಲ್ಕ್ ರಚಿಸಿದ ಬ್ರಿಕ್ಲಿನ್ ಮತ್ತು ಫ್ರಾಂಕ್‌ಸ್ಟನ್. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು. ಎಕ್ಸೆಲ್ಲಿನ 2003ರ ಆವೃತ್ತಿಯ ಒಂದು ಹಾಳೆಯಲ್ಲಿ 65,536 ಸಾಲುಗಳು ಹಿಡಿಯುತ್ತಿದ್ದವು. 2007ರ ಆವೃತ್ತಿಯಿಂದ 10,48,576. ಹೊಸ ಆವೃತ್ತಿಯ ಪರವಾಗಿ ಮೊದಲು ಹೇಳಲ್ಪಡುವುದು ಈ ವಿಸ್ತಾರವೇ. ದೊಡ್ಡ ಲೆಕ್ಕಗಳಿಗೆ ಅದು ಅತ್ಯವಶ್ಯ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಹಳೆಯ ಮಾದರಿಯ ಕಡತವನ್ನು ಬಳಸಿದುದರಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ಸಕಾಲದಲ್ಲಿ ಲೆಕ್ಕಕ್ಕೆ ಸೇರದೆ ಹೋದವು. ಆದರೆ ಒಂದು ತಾಲೂಕಿನ ಶಾಸನಗಳಿಗೆ ಅಷ್ಟು ಸಾಲುಗಳು ಎಂದಿಗೂ ಬೇಕಾಗವು.

ತೇದಿಯ ವಿಷಯದಲ್ಲಿ ಹೊಸತೂ ಹಳತೂ ಒಂದೇ. ಎಕ್ಸೆಲ್ಲಿನ ಕಾಲಗಣನೆ 1900ರ ಜನವರಿ 1ರಿಂದ ಆರಂಭವಾಗುತ್ತದೆ. ಅದಕ್ಕೆ ಹಿಂದಿನ ತೇದಿ ಅದಕ್ಕೆ ಬರಿಯ ಅಕ್ಷರ. ಅಷ್ಟೇ ಅಲ್ಲ, ಲೋಟಸ್ಸಿನ ತಪ್ಪೊಂದನ್ನು ಹೊಂದಾಣಿಕೆಗಾಗಿ ಉಳಿಸಿಕೊಂಡು, ಎಂದೂ ಇಲ್ಲದಿದ್ದ 1900ರ ಫೆಬ್ರವರಿ 29ನ್ನು ಅದು ಇಂದಿಗೂ ಒಪ್ಪುತ್ತದೆ! ಕಲ್ಯಾಣದ ಚಾಳುಕ್ಯರ, ಕಳಚುರಿಗಳ, ಸೇವುಣರ ಶಾಸನಗಳನ್ನು ಓದುವವನಿಗೆ ಇದರಿಂದ ಏನು ಪ್ರಯೋಜನ? ನಾವು ಶಕವರ್ಷವನ್ನು ಬರಿಯ ಸಂಖ್ಯೆಯಾಗಿ ಬರೆದು 78 ಕೂಡಿಸುತ್ತೇವೆ. ಚಾಳುಕ್ಯ ವಿಕ್ರಮವರ್ಷಕ್ಕೆ 1075. ಗತವೋ ವರ್ತಮಾನವೋ ಎಂಬ ಒಂದು ವರ್ಷದ ಅಂತರವನ್ನು ಸಂವತ್ಸರದ ಹೆಸರಿನಿಂದ ಮನುಷ್ಯನೇ ತೀರ್ಮಾನಿಸಬೇಕು. ಇದಕ್ಕಿಂತ ಕೆಟ್ಟದ್ದು ಸರ್ವೆ ನಂಬರಿನ ಅಂಕಣದಲ್ಲಿ ನಡೆದಿತ್ತು. 12/3 ಎಂದು ಬರೆದ ಹಿಸ್ಸೆಯನ್ನು ಯಂತ್ರವು ಮಾರ್ಚ್ 12 ಎಂದು ಮಾಡಿಬಿಟ್ಟಿತ್ತು. ಕಲ್ಲು ಹೊಲವನ್ನು ಬಿಟ್ಟು ಪಂಚಾಂಗಕ್ಕೆ ಸೇರಿತ್ತು. ಇದೇ ಬಗೆಯ ಕಾಟದಿಂದ ಜೀವವಿಜ್ಞಾನಿಗಳು 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು. ಅಂಕಣವನ್ನು ಮೊದಲೇ ಅಕ್ಷರರೂಪವೆಂದು ಗೊತ್ತುಪಡಿಸುವುದು ಇದಕ್ಕೊಂದು ಪರಿಹಾರ. ಅದು ಹಳೆಯ ಆವೃತ್ತಿಯಲ್ಲಿಯೂ ಸಾಧ್ಯವಿತ್ತು.

ನಿಜವಾದ ಗಂಡಾಂತರವಿರುವುದು ಪಾಠದ ಅಂಕಣದಲ್ಲಿ. ನಮ್ಮ ಪಟ್ಟಿಯನ್ನು ಬರೆದದ್ದು ಹಳೆಯ ಬಗೆಯ ಒಂದು ಫಾಂಟಿನಲ್ಲಿ. ಅಂತಹ ಫಾಂಟಿನಲ್ಲಿ ಯಂತ್ರದೊಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚಿ ಅರ್ಥವಿಲ್ಲದ ಗೀಚು ಮಾತ್ರ ಉಳಿಯುತ್ತದೆ; ಅಕಾರಾದಿಯಾಗಿ ಜೋಡಿಸಲೂ ಬಾರದು. ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಹೊಸ ಆವೃತ್ತಿಯು ಹಳೆಯ ಕಡತವನ್ನು ಸುಲಭವಾಗಿ ತೆರೆಯುತ್ತದೆ. ಆದರೆ ಆವೃತ್ತಿ ಬದಲಾದ ಮಾತ್ರಕ್ಕೆ ಅಕ್ಷರ ಬದಲಾಗದು. ಯೂನಿಕೋಡಿನಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಇದೆ. 2003ರ ಎಕ್ಸೆಲ್ಲೂ ಅದನ್ನು ಬಲ್ಲುದು. ತಪ್ಪು ನಮ್ಮದಾಗಿತ್ತು.

ಪರಿವರ್ತಕ ತಂತ್ರಾಂಶಗಳಿಂದ ಅಕ್ಷರಗಳನ್ನು ಯೂನಿಕೋಡಿಗೆ ತಂದೆವು. ಅರ್ಕಾವತ್ತು ಕೆಲವೆಡೆ ಸ್ಥಾನ ತಪ್ಪಿತು; ಮನೆಗಳಲ್ಲಿದ್ದ ಇಂಗ್ಲಿಷ್ ಮಾತುಗಳು ವಿಚಿತ್ರ ಕನ್ನಡವಾದವು. ಇವನ್ನು ತಿದ್ದಬಹುದು. ತಿದ್ದಲಾಗದ್ದು ಬೇರೊಂದಿದೆ. ಹಳೆಯ ಫಾಂಟಿನಲ್ಲಿ ಕೈಗೆ ಸಿಗದ ಱ ಮತ್ತು ೞ ಅಕ್ಷರಗಳ ಬದಲು ನಾವು ರ, ಳ ಎಂದು ಬರೆದುಬಿಟ್ಟಿದ್ದೆವು. ತೇದಿಯಿಲ್ಲದ ಶಾಸನದ ಕಾಲವನ್ನು ಊಹಿಸುವಾಗ ೞಕಾರ ಉಳಿದಿದೆಯೇ ಅಳಿದಿದೆಯೇ ಎಂಬುದು ಒಂದು ಮುಖ್ಯ ಆಧಾರ. ಆ ಆಧಾರವನ್ನು ನಮ್ಮ ಕೈಯಿಂದಲೇ ಅಳಿಸಿದ್ದೆವು. ಯಾವ ಪರಿವರ್ತಕವೂ ಅದನ್ನು ಮರಳಿಸಲಾರದು. ಯೂನಿಕೋಡಿನಲ್ಲಿ ಈ ಎರಡಕ್ಕೂ ಸ್ಥಾನವಿದೆ. (ೞಕ್ಕೆ ಮೊದಲು ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ತೆಗೆಯಬಾರದೆಂಬ ನಿಯಮದಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ.)

ಆದ್ದರಿಂದ ಹೊಸ ಆವೃತ್ತಿಯನ್ನು ಸ್ವೀಕರಿಸುವುದೇ ಸರಿಯೆಂದು ತೀರ್ಮಾನಿಸಿದೆವು. ಅದರ ಹೊಸ ಅಲಂಕಾರಗಳಿಗಾಗಿ ಅಲ್ಲ, ಇನ್ನು ಹತ್ತು ವರ್ಷಗಳ ಮೇಲೆ ಬೇರೊಬ್ಬನು ಇದನ್ನು ತೆರೆದು ಓದಬೇಕೆಂಬ ಕಾರಣಕ್ಕೆ. ಹಣ ಕೊಡಬೇಕಾಗಿಲ್ಲದ ಲಿಬ್ರೆಆಫೀಸನ್ನು ಆಯ್ದುಕೊಂಡೆವು. 1900ಕ್ಕೆ ಹಿಂದಿನ ತೇದಿಯನ್ನೂ ಅದು ಬಲ್ಲುದೆಂಬುದು ಅಧಿಕ ಲಾಭ. ಆದರೆ ಹಳೆಯ ಕಡತ, ಹಳೆಯ ಫಾಂಟು, ಹಳೆಯ ಯಂತ್ರ ಇವನ್ನು ತಾಳೆ ನೋಡುವ ಕೆಲಸ ಮುಗಿಯುವ ತನಕ ತೆಗೆಯಕೂಡದು. ಈ ತಾಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರು ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ವನ್ನು ಬರೆದದ್ದು ಓಲೆಪ್ರತಿಗಳನ್ನು ಸಂಪಾದಿಸುವವರಿಗಾಗಿ. ಪರಿವರ್ತಿತ ಪಟ್ಟಿಯೂ ಪ್ರತಿಯಿಂದ ಮಾಡಿದ ಪ್ರತಿಯೇ. ಅದರ ಲಿಪಿಕಾರ ಯಂತ್ರವೆಂಬುದಷ್ಟೇ ವ್ಯತ್ಯಾಸ.

ಸರ್ವೆ ನಂಬರಿನ ಅಂಕಣವನ್ನು ಉತಾರಗಳೊಡನೆ ಹೋಲಿಸಿ ತಿದ್ದಿಯಾಗಿದೆ. ಪಾಠದ ಅಂಕಣವನ್ನು ಅಚ್ಚಾದ ಶಾಸನ ಸಂಪುಟಗಳೊಡನೆ ಇಟ್ಟುಕೊಂಡು, ಪಂಕ್ತಿಪಂಕ್ತಿಯಾಗಿ ೞಕಾರಗಳನ್ನು ಮರಳಿ ಕೂಡಿಸುವ ಕೆಲಸ ನಡೆದಿದೆ.